ಇಂದ್ರಕೀಲಾದ್ರಿಯ ನೆರಳಲ್ಲಿ 18 ಕಿಲೋ ಸೈಕಲ್ಲು

ವಿಜಯವಾಡಕ್ಕೆ ವರ್ಗವಾಗಿ ಬಂದ ಮೊದಲ ವಾರ ಸಾಗರದಿಂದ ಅಮ್ಮ ಫೋನು ಮಾಡಿದಾಗ ಮನೆ ಹೇಗಿದೆ, ನೀರು ಬರುತ್ತದೆಯೇ ಎಂದು ಏನೂ ಕೇಳಲಿಲ್ಲ. "ಅಲ್ಲೇ ಅಲ್ದನೋ ಅರ್ಜುನ ತಪಸ್ಸು ಮಾಡಿದ್ದು?" ಅಂದಳು. ತಾಳಮದ್ದಳೆಯಲ್ಲಿ ಕಿರಾತಾರ್ಜುನದ ಅರ್ಥ ಕೇಳುತ್ತ ಬೆಳೆದವಳಿಗೆ ಇಂದ್ರಕೀಲ ಅಂದರೆ ಹಿಮ, ತಪೋವನ, ಹಂದಿಯ ಬೇಟೆ. ನಾನು ಭವಾನಿಪುರಂನ ಮನೆಯ ತಾರಸಿಯಿಂದ ಒಂದು ಫೋಟೋ ತೆಗೆದು ಕಳಿಸಿದೆ. ಬಿಸಿಲಿಗೆ ಸುಟ್ಟ ಬಂಡೆ, ಮೈತುಂಬ ಕುರುಚಲು, ಮೇಲೆ ದುರ್ಗಮ್ಮನ ಗೋಪುರ, ಕೆಳಗೆ ಲಾರಿಗಳ ಸಾಲು. "ಇದಾ?" ಅಂತ ಒಂದೇ ಪದದ ಉತ್ತರ ಬಂತು.

ಇದೇ. ಇಲ್ಲಿಯವರಿಗೆ ಇದು ಬರೀ 'ಗುಡಿ ಕೊಂಡ'. ಕೀಲ ಎಂಬುವನು ದುರ್ಗೆ ತನ್ನ ಮೇಲೆ ನೆಲೆಸಲಿ ಎಂದು ಬೇಡಿ ಬೆಟ್ಟವಾದ, ಇಂದ್ರ ಬಂದು ಹೋದ್ದರಿಂದ ಇಂದ್ರಕೀಲಾದ್ರಿಯಾಯಿತು ಅನ್ನುವುದು ಅವರ ಕಥೆ. ಅರ್ಜುನನ ಕಥೆ ಎರಡನೆಯದು. ನಮ್ಮ ಪಂಪನ ಪೂರ್ವಿಕರ ಊರು ವೆಂಗಿಪಳು ಇದ್ದದ್ದೂ ಈ ಕಡೆಯ ವೆಂಗಿ ಮಂಡಲದಲ್ಲೇ. ಅರ್ಜುನನನ್ನು ನಾಯಕನಾಗಿಟ್ಟು 941ರ ಸುಮಾರಿಗೆ ಕನ್ನಡದಲ್ಲಿ ಕಾವ್ಯ ಬರೆದವನ ಮನೆತನದ ಮೂಲವೂ, ಅರ್ಜುನ ತಪಸ್ಸು ಮಾಡಿದನೆಂದು ಹೇಳುವ ಬೆಟ್ಟವೂ ಒಂದೇ ಸೀಮೆಯಲ್ಲಿವೆ ಎಂದು ಇಲ್ಲಿನ ಗೆಳೆಯರಿಗೆ ಹೇಳಿದರೆ ನಕ್ಕು, "ಹಾಗಾದರೆ ನೀವು ನಮ್ಮವರೇ ಬಿಡಿ" ಅನ್ನುತ್ತಾರೆ. ಹೊರನಾಡಿನಲ್ಲಿ ಇಂಥ ಸಣ್ಣ ಸಂಬಂಧಗಳೇ ನಮಗೆ ಆಧಾರ.

ನಾನು ಸೈಕಲ್ ಹೊಡೆಯುವವನು. ಬೆಂಗಳೂರಿನ ತುರಹಳ್ಳಿ ಕಾಡಿನ ಕಲ್ಲುಹಾಸಿನ ಮೇಲೆ ಬಿದ್ದೂ ಎದ್ದೂ ಕಲಿತವನು. ರಸ್ತೆಯ ಸೈಕಲ್ಲು ನನಗೆ ರುಚಿಸಲಿಲ್ಲ. ಕಲ್ಲು, ಬೇರು, ಕಡಿದಾದ ಇಳಿಜಾರು, ಹಠಾತ್ತನೆ ಬರುವ ತಿರುವು, ಮೊಣಕಾಲೆತ್ತರದಿಂದ ಕೆಳಗೆ ಧುಮುಕುವ ಬಂಡೆ, ಇದನ್ನೆಲ್ಲ ನಿಧಾನಕ್ಕಲ್ಲ, ಸ್ವಲ್ಪ ಧಿಮಾಕಿನಿಂದಲೇ ಇಳಿಯುವುದು ನನ್ನ ಚಟ. ಇಂದ್ರಕೀಲಾದ್ರಿಯ ಮೇಲೆ ಇದಕ್ಕೆ ಅವಕಾಶವಿಲ್ಲ, ಇರಲೂ ಬಾರದು. ಅದು ಲಕ್ಷಾಂತರ ಜನ ಬರಿಗಾಲಲ್ಲಿ ಹತ್ತುವ ಜಾಗ. ಸಾಲದ್ದಕ್ಕೆ ಬೆಟ್ಟದ ಬಂಡೆಗಳೂ ಸಡಿಲ. 2020ರ ಅಕ್ಟೋಬರಿನಲ್ಲಿ ದಸರಾ ನಡೆಯುತ್ತಿರುವಾಗಲೇ ಒಂದು ಭಾಗ ಕುಸಿದು ಬಿತ್ತು. ಹಾಗಾಗಿ ನಮ್ಮ ಸವಾರಿ ಬೆಟ್ಟದ ಬುಡದಿಂದ ಹೊರಟು ಗೊಲ್ಲಪೂಡಿ, ಇಬ್ರಾಹಿಂಪಟ್ನಂ ದಾಟಿ ಕೊಂಡಪಲ್ಲಿಯ ಬೆಟ್ಟಸಾಲಿಗೆ. ಅಲ್ಲಿ ಕೋಟೆ ಇದೆ. 16ನೆಯ ಶತಮಾನದ ಮೊದಲಲ್ಲಿ ಕೃಷ್ಣದೇವರಾಯ ಗಜಪತಿಗಳಿಂದ ಗೆದ್ದ ಕೋಟೆ. ಅದರ ಸುತ್ತ ಮೀಸಲು ಅರಣ್ಯ. ಅರಣ್ಯದವರನ್ನು ಕೇಳಿಯೇ ಒಳಗೆ ಹೋಗಬೇಕು. ಬೇಡ ಅಂದ ದಿನ ಹೊರಗಿನ ದನಗಾಹಿಗಳ ಜಾಡೇ ಗತಿ. ಅದೂ ಏನು ಕಡಿಮೆಯಿಲ್ಲ.

46ನೆಯ ವಯಸ್ಸಿಗೆ ಬಲಮಂಡಿ ಕೈಕೊಟ್ಟಿತು. ಒಳಗಿನ ಮೆತ್ತೆ ಹರಿದಿದೆ, ಇಳಿಯುವುದಕ್ಕಿಂತ ಹತ್ತುವಾಗಲೇ ನಿಮಗೆ ಅಪಾಯ, ದಮ್ಮು ಕಟ್ಟಿ ತುಳಿಯಬೇಡಿ ಎಂದರು ವೈದ್ಯರು. ಹತ್ತದೆ ಇಳಿಯುವುದು ಹೇಗೆ? ಆರು ತಿಂಗಳು ಸೈಕಲ್ಲು ಬಾಲ್ಕನಿಯಲ್ಲಿ ನಿಂತಿತು. ಅದರ ಮೇಲೆ ಬಟ್ಟೆ ಒಣಗಿದವು. ಕೊನೆಗೆ ಹೆಂಡತಿಯೇ ಹೇಳಿದಳು, "ಮಾರಿಬಿಡಿ, ಇಲ್ಲಾ ಮೋಟಾರ್ ಹಾಕಿಸ್ಕೊಳ್ಳಿ. ದಿನಾ ಅದರ ಮುಂದೆ ನಿಂತು ನಿಟ್ಟುಸಿರು ಬಿಡೋದು ಮಾತ್ರ ನಿಲ್ಲಿಸಿ."

ಮೋಟಾರು ಅಂದ ಕೂಡಲೇ ಜೊತೆಗಾರರು ಗೇಲಿ ಮಾಡಿದರು. "ಇನ್ನು ಸ್ಕೂಟರ್‌ನಲ್ಲಿ ಬರ್ತೀರಾ ಸಾರ್?" ಈ ತಪ್ಪು ತಿಳಿವಳಿಕೆ ನನ್ನಲ್ಲೂ ಇತ್ತು. ಎಲೆಕ್ಟ್ರಿಕ್ ಮೌಂಟನ್ ಸೈಕಲ್ಲಿನಲ್ಲಿ ಮೋಟಾರು ಇರುವುದು ಪೆಡಲ್ಲಿನ ಅಚ್ಚಿನ ಬಳಿ. ನೀವು ತುಳಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ, ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ನಮ್ಮ ದೇಶದ ನಿಯಮದಲ್ಲಿ 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರಿನೊಳಗಿನ ಇಂಥ ವಾಹನಕ್ಕೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಪೇಟೆಯಲ್ಲಿ ಸಿಗುವ, ಹಿಂದಿನ ಚಕ್ರದ ಗುಂಬದಲ್ಲಿ ಮೋಟಾರಿರುವ ಅಗ್ಗದ ಸೈಕಲ್ಲುಗಳು ಬೇರೆ ಜಾತಿ. ತರಕಾರಿ ತರಲು ಅವು ಚೆನ್ನ. ಬಂಡೆಯ ಮೇಲೆ ಹಿಂಚಕ್ರಕ್ಕೇ ಭಾರ ಕಟ್ಟಿಕೊಂಡು ಇಳಿದು ನೋಡಿ, ಗೊತ್ತಾಗುತ್ತದೆ.

ನಿಜವಾದ ತೊಡಕು ಆಮೇಲೆ ಶುರುವಾಯಿತು. ಬೆಟ್ಟದ ಇ-ಸೈಕಲ್ಲುಗಳಲ್ಲಿ ಎರಡು ಪಂಗಡ. ಒಂದು ಪೂರ್ತಿ ಬಲದ್ದು. ಬಾಷ್, ಶಿಮಾನೋದಂಥವರ 85 ನ್ಯೂಟನ್ ಮೀಟರ್ ತಿರುಚುಬಲದ ಮೋಟಾರು, 600 ಇಲ್ಲವೇ 700 ವ್ಯಾಟ್-ಅವರ್ ದಾಟುವ ಬ್ಯಾಟರಿ, ತೂಕ 22ರಿಂದ 25 ಕಿಲೋ. ಇನ್ನೊಂದು ಹಗುರದ್ದು. 2020ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಲೀವೋ ಎಸ್‌ಎಲ್ 35 ನ್ಯೂಟನ್ ಮೀಟರ್ ಮತ್ತು 320 ವ್ಯಾಟ್-ಅವರಿನೊಂದಿಗೆ ಬಂತು. ಅದೇ ವರ್ಷ ಓರ್ಬಿಯಾ ರೈಸ್ ಬಂತು, 2022ರಲ್ಲಿ ಟ್ರೆಕ್ ಫ್ಯೂಯೆಲ್ ಇಎಕ್ಸ್‌ಇ. ಇವುಗಳ ಬಲ 50, 60ರ ಆಸುಪಾಸು, ತೂಕ ಹೆಚ್ಚುಕಮ್ಮಿ 16ರಿಂದ 19 ಕಿಲೋ. 2024ರಲ್ಲಿ ಡ್ರೋನ್ ಮಾಡುವ ಡಿಜೆಐನವರು 105 ನ್ಯೂಟನ್ ಮೀಟರಿನ ಮೋಟಾರು ತಂದು, ಅದನ್ನು ಹಾಕಿದ ಸೈಕಲ್ಲೂ 20 ಕಿಲೋ ಒಳಗೇ ಇರಬಹುದು ಎಂದು ತೋರಿಸಿ ಈ ಗೆರೆಯನ್ನೇ ಅಳಿಸಿಹಾಕಲು ಹೊರಟರು. ಯಾವುದನ್ನು ನೋಡಿದರೂ ಬೆಲೆ ಒಂದು ಸಣ್ಣ ಕಾರಿನದು. ಮುಟ್ಟಿ ನೋಡದೆ ಅಷ್ಟು ದುಡ್ಡು ಸುರಿಯುವ ಧೈರ್ಯ ನನಗಿರಲಿಲ್ಲ.

ಹೈದರಾಬಾದಿನಲ್ಲಿ ನಮ್ಮ ಕನ್ನಡದ ಗೆಳೆಯರೊಬ್ಬರಿದ್ದಾರೆ. ಜರ್ಮನಿಯಿಂದ ಮರಳುವಾಗ ಮನೆ ಸಾಮಾನಿನ ಜೊತೆ ಎರಡೂ ಬಗೆಯ ಸೈಕಲ್ಲು ತಂದವರು, ಒಂದು ತನಗೆ, ಒಂದು ಹೆಂಡತಿಗೆ ಎಂದು. ಹೆಂಡತಿ ಮುಟ್ಟಲಿಲ್ಲ. ಒಂದು ಜನವರಿಯ ಶನಿವಾರ ಎರಡನ್ನೂ ಕಾರಿನ ಹಿಂದೆ ಕಟ್ಟಿಕೊಂಡು ಬಂದರು.

ಮೊದಲ ದಿನ ದೊಡ್ಡದನ್ನು ಹಿಡಿದೆ. ಹತ್ತುವಾಗ ನಂಬಲಾಗಲಿಲ್ಲ. ಮಂಡಿಯ ನೆನಪೇ ಆಗದಂತೆ, ಯಾರೋ ಸೊಂಟಕ್ಕೆ ಕೈಯಿಟ್ಟು ತಳ್ಳಿದ ಹಾಗೆ ಹತ್ತಿತು. ಇಬ್ರಾಹಿಂಪಟ್ನಂನ ಥರ್ಮಲ್ ಸ್ಥಾವರದ ಚಿಮಣಿಗಳು ನೋಡನೋಡುತ್ತಿದ್ದಂತೆ ಕೆಳಗಾದವು. (ಬ್ಯಾಟರಿಗೆ ತುಂಬಿದ ಕರೆಂಟು ಬಂದದ್ದೂ ಬಹುಶಃ ಅಲ್ಲಿಂದಲೇ. ಪರಿಸರದ ಮಾತು ಇಲ್ಲಿ ಎತ್ತದಿರುವುದೇ ಮರ್ಯಾದೆ.) ನೇರ ಇಳಿಜಾರಿನಲ್ಲೂ ಅದರದ್ದೇ ಮೇಲುಗೈ. ಭಾರಕ್ಕೆ ನೆಲ ಬಿಡುವುದಿಲ್ಲ, ಸಣ್ಣ ಕಲ್ಲುಗಳನ್ನು ಲೆಕ್ಕಕ್ಕೇ ಇಡುವುದಿಲ್ಲ.

ಕೈಕೊಟ್ಟದ್ದು ತಿರುವಿನಲ್ಲಿ. ಈ ಬೆಟ್ಟಗಳ ಜಾಡು ಸಕಲೇಶಪುರದ ಕಡೆಯ ಕಾಡುದಾರಿಯಂತೆ ಉದ್ದಕ್ಕೆ ಹರಿಯುವುದಿಲ್ಲ. ಹತ್ತು ಮಾರು ಇಳಿದರೆ ಒಂದು ತಿರುವು, ಅದರಾಚೆ ಮೆಟ್ಟಿಲಿನಂಥ ಬಂಡೆ, ಮತ್ತೆ ತಿರುವು. ಬ್ರೇಕು ಹಿಡಿದೆ. ನನ್ನ ಲೆಕ್ಕಕ್ಕಿಂತ ಎರಡು ಅಡಿ ಮುಂದೆ ಹೋಗಿ ನಿಂತಿತು. ನಿಂತಲ್ಲಿ ನೆಲವಿರಲಿಲ್ಲ. ಎಡಕ್ಕೆ ಜಿಗಿಯುವ ಬದಲು ಬಲಕ್ಕೆ ಬಿದ್ದೆ. 24 ಕಿಲೋ ಸೈಕಲ್ಲು ಬಂದು ನನ್ನ ಕೆಟ್ಟ ಕಾಲಿನ ಮೇಲೇ ಮಲಗಿತು. ನೋವಿಗಿಂತ ಹೆಚ್ಚಾಗಿ ನಾಚಿಕೆ. ತಲೆ ಕೆಳಗಾಗಿ ಇಳಿಜಾರಿನಲ್ಲಿ ಬಿದ್ದಿದ್ದೇನೆ, ಎತ್ತಲು ಕೈ ಸಿಗುತ್ತಿಲ್ಲ. ಗೆಳೆಯರು ಇಳಿದು ಬರುವ ತನಕ ಐದು ನಿಮಿಷ ಹಾಗೇ ಇದ್ದೆ. ಒಬ್ಬನೇ ಬಂದಿದ್ದರೆ? ನಾನು ವಾರದ ದಿನಗಳಲ್ಲಿ ಹೋಗುವುದು ಒಬ್ಬನೇ.

ಮರುದಿನ ಮಂಡಿಗೆ ಪಟ್ಟಿ ಸುತ್ತಿಕೊಂಡು ಚಿಕ್ಕದರಲ್ಲಿ ಹೋದೆ. ಹತ್ತುವಾಗ ಮೊದಲು ನಿರಾಸೆಯೇ ಆಯಿತು. ತಳ್ಳುವ ಕೈ ಇದೆ, ಆದರೆ ತುಂಬ ಮೆತ್ತಗೆ. ನಾನು ದುಡಿಯದಿದ್ದರೆ ಅದೂ ದುಡಿಯುವುದಿಲ್ಲ. ಇಂಥ ಮೋಟಾರುಗಳಿಗೆ ದೊಡ್ಡ ಗೇರಿನಲ್ಲಿ ದಮ್ಮು ಕಟ್ಟಿ ತುಳಿಯುವುದು ಆಗಿಬರುವುದಿಲ್ಲ. ಸಣ್ಣ ಗೇರು ಹಾಕಿ ಕಾಲನ್ನು ಬೇಗ ಬೇಗ ತಿರುಗಿಸಿದರೆ ಮಾತ್ರ ಖುಷಿಯಾಗಿ ಕೂಡಿಕೊಳ್ಳುತ್ತವೆ. ಯೋಚಿಸಿದರೆ ವೈದ್ಯರು ನನಗೆ ಹೇಳಿದ್ದೂ ಅದನ್ನೇ. ಅದೇ ತಿರುವಿಗೆ ಬಂದಾಗ ಎದೆ ಹೊಡೆದುಕೊಂಡಿತು. ಬ್ರೇಕು, ಭುಜ ಒಳಕ್ಕೆ, ಹಿಂಚಕ್ರ ಒಂದಿಷ್ಟು ಎತ್ತಿ ಹೊರಳಿಸಿದೆ, ದಾಟಿತು. ತುರಹಳ್ಳಿಯಲ್ಲಿ ಕಲಿತದ್ದು ಮೈಗೆ ನೆನಪಿತ್ತು. ದೊಡ್ಡ ಸೈಕಲ್ಲು ಆ ನೆನಪಿಗೆ ಜಾಗವನ್ನೇ ಕೊಟ್ಟಿರಲಿಲ್ಲ.

ಇಳಿದ ಮೇಲೆ ಕೊಂಡಪಲ್ಲಿಯ ಬೊಂಬೆಗಳ ಬೀದಿಯಲ್ಲಿ ಚಹಾ. ಅಂಗಳದಲ್ಲಿ ಕೂತು ದಶಾವತಾರದ ಬೊಂಬೆ ಕೆತ್ತುತ್ತಿದ್ದ ಹಿರಿಯರೊಬ್ಬರು ಎರಡೂ ಸೈಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಇವರ ಬೊಂಬೆಯ ಮರ ತೆಲ್ಲ ಪೊಣಿಕಿ, ಈ ಬೆಟ್ಟದ್ದೇ. ಕೈಗೆ ತೂಕವೇ ಗೊತ್ತಾಗದಷ್ಟು ಹಗುರ. ಚಿಕ್ಕದನ್ನು ಕೆಳಗಿಟ್ಟು, "ಇದಿ ಪರವಾಲೇದಂಡಿ" ಅಂದರು. ದೊಡ್ಡದನ್ನು ತೋರಿಸಿ, ಇದನ್ನು ಮೇಲಿಂದ ಹೊತ್ತು ತರಬೇಕಾದರೆ ಯಾರನ್ನು ಕರೆಯುತ್ತೀರಿ ಎಂದು ಕೇಳಿದರು. ಅಷ್ಟು ದಿನ ಓದಿದ ವಿಮರ್ಶೆಗಳಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಉಳಿದದ್ದು ಬ್ಯಾಟರಿಯ ಅಂಜಿಕೆ. ಸಣ್ಣ ಬ್ಯಾಟರಿ ನಡುದಾರಿಯಲ್ಲಿ ಮುಗಿದರೆ? ಒಂದು ಸಂಜೆ ಮಗಳ ಫಿಸಿಕ್ಸ್ ಪುಸ್ತಕ ಹಿಡಿದು ಲೆಕ್ಕ ಹಾಕಿದೆ. ನಾನು, ಸೈಕಲ್ಲು, ನೀರು, ಚೀಲ ಸೇರಿ 98 ಕಿಲೋ. 900 ಮೀಟರು ಎತ್ತರಕ್ಕೆ ಎತ್ತಲು ಬೇಕಾದದ್ದು ಸುಮಾರು 240 ವ್ಯಾಟ್-ಅವರ್. ಅರ್ಧ ನನ್ನ ಕಾಲು ಕೊಟ್ಟರೆ ಮೋಟಾರಿನ ಪಾಲು 120. ಬಿಸಿಯಾಗಿ, ಕಲ್ಲಿಗೆ ಉಜ್ಜಿ ಸೋರುವುದನ್ನು ಸೇರಿಸಿದರೂ 360ರ ಬ್ಯಾಟರಿಯಲ್ಲಿ ಅರ್ಧ ಉಳಿಯಬೇಕು. ಪರೀಕ್ಷೆಗೆಂದೇ ಫೆಬ್ರವರಿಯಲ್ಲಿ ವಿಶಾಖಪಟ್ಟಣಕ್ಕೆ ಕಾರು ಓಡಿಸಿಕೊಂಡು ಹೋದೆವು. ಕೈಲಾಸಗಿರಿಯ ಏರು ಚಿಕ್ಕದಾಯಿತು. ಕಂಬಾಲಕೊಂಡ ಅಭಯಾರಣ್ಯ, ಸುಮ್ಮನೆ ನುಗ್ಗುವಂತಿಲ್ಲ. ಭೀಮಿಲಿ ದಾರಿಯ ಎರ್ರಮಟ್ಟಿ ದಿಬ್ಬಗಳನ್ನು ಕಂಡರೆ ಯಾವ ಸವಾರನಿಗೂ ಕೈ ತುರಿಸುತ್ತದೆ. ಆದರೆ ಆ ಕೆಂಪು ಮರಳು ಭೂವೈಜ್ಞಾನಿಕ ಪರಂಪರೆಯ ತಾಣ, ಒಂದು ಚಕ್ರದ ಗೆರೆಯೂ ಅದಕ್ಕೆ ಗಾಯ. ಕೊನೆಗೆ ಶೃಂಗವರಪುಕೋಟದಿಂದ ಅರಕು ರಸ್ತೆಯಲ್ಲಿ ಅನಂತಗಿರಿಯ ಕಾಫಿ ತೋಟಗಳ ತನಕ ಹತ್ತಿದೆವು. ಫೋನಿನ ಲೆಕ್ಕದಲ್ಲಿ 900 ಮೀಟರಿನ ಹತ್ತಿರ. ಬ್ಯಾಟರಿಯಲ್ಲಿ 41 ಶೇಕಡಾ ಉಳಿದಿತ್ತು. ಮಗಳಿಗೆ ಫೋನು ಮಾಡಿ ಹೇಳಿದೆ. "ಅಪ್ಪಾ, ನೀನು ಅರ್ಧ ತುಳಿದಿಲ್ಲ ಅಂತ ಅರ್ಥ," ಅಂದಳು.

ಮಹಾನಗರಗಳಲ್ಲಿ ಕೂತು ಇದೇ ಯೋಚನೆಯಲ್ಲಿರುವವರಿಗೆ ನನ್ನ ಅನುಭವದ ನಾಲ್ಕು ಮಾತು. ಕ್ಯಾಟಲಾಗಿನ ತೂಕ ನಂಬಬೇಡಿ, ಅದರಲ್ಲಿ ಸಾಮಾನ್ಯವಾಗಿ ಪೆಡಲ್ಲು ಸೇರಿರುವುದಿಲ್ಲ. ಹಗುರ ಮಾಡಲೆಂದು ತೆಳು ಟೈರು ಹಾಕಿರುತ್ತಾರೆ. ನಮ್ಮ ಚೂಪುಗಲ್ಲಿಗೆ ಅದು ಒಂದು ವಾರ ಬಾಳದು. ದಪ್ಪಗೋಡೆಯ ಟೈರಿಗೆ ಮುಕ್ಕಾಲು ಕಿಲೋ ಹೆಚ್ಚಾದರೆ ಆಗಲಿ. ಬ್ರೇಕಿನಲ್ಲಂತೂ ಗ್ರಾಮು ಎಣಿಸಲೇಬೇಡಿ. ನಾಲ್ಕು ಪಿಸ್ಟನ್, 200 ಮಿಲಿಮೀಟರ್ ಡಿಸ್ಕು ಇರಲಿ. ಅನೇಕ ಹಗುರ ಮಾದರಿಗಳಲ್ಲಿ ಬ್ಯಾಟರಿ ಸುಲಭಕ್ಕೆ ಹೊರಗೆ ಬರುವುದಿಲ್ಲ. ಅಂದರೆ ಚಾರ್ಜಿಗೆ ಇಡೀ ಸೈಕಲ್ಲೇ ಮನೆಗೆ ಬರಬೇಕು. ನಮ್ಮದು ಲಿಫ್ಟಿಲ್ಲದ ಮೂರನೇ ಮಹಡಿ. ಚಾರ್ಜು ಮಾಡುವಾಗ ಬಾಗಿಲ ದಾರಿಗೆ ಅಡ್ಡ ಇಡಬೇಡಿ, ಮಲಗಿದ ಮೇಲೆ ಬಿಡಬೇಡಿ, ಮೇ ತಿಂಗಳ ಬಿಸಿಲಿನಿಂದ ಬಂದ ಕೂಡಲೇ ಸಿಕ್ಕಿಸಬೇಡಿ. ರಜೆಗೆ ವಿಮಾನದಲ್ಲಿ ಊರಿಗೆ ಒಯ್ಯುವ ಕನಸಿದ್ದರೆ ಬಿಟ್ಟುಬಿಡಿ. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಅವರಿಗಿಂತ ದೊಡ್ಡ ಲಿಥಿಯಂ ಬ್ಯಾಟರಿಗೆ ಜಾಗವಿಲ್ಲ, ಹಗುರದ ಸೈಕಲ್ಲಿನದೂ ಅದಕ್ಕಿಂತ ದೊಡ್ಡದೇ. ಮೋಟಾರು ಕೆಟ್ಟರೆ ಅದನ್ನು ತೆರೆಯುವವರು ನಿಮ್ಮ ಊರಿನಲ್ಲಿ ಯಾರು ಎಂದು ದುಡ್ಡು ಕೊಡುವ ಮುಂಚೆಯೇ ಕೇಳಿಕೊಳ್ಳಿ. ನನ್ನ ಪಾಲಿಗೆ ಈ ಪ್ರಶ್ನೆಗೆ ಉತ್ತರ ಇನ್ನೂ ಹೈದರಾಬಾದಿನಲ್ಲಿದೆ.

ಗೆಳೆಯರ ಹೆಂಡತಿ ಮುಟ್ಟದ ಆ ಹಗುರದ ಸೈಕಲ್ಲನ್ನೇ ಕೊಂಡೆ, ಹೊಸದರ ಅರ್ಧ ಬೆಲೆಗೆ. ಪೆಡಲ್ಲು, ಹೊಸ ಟೈರು ಸೇರಿ ಮನೆಯ ತಕ್ಕಡಿಯಲ್ಲಿ 18 ಕಿಲೋ 900 ಗ್ರಾಮು. ಮೊದಲ ತಿಂಗಳು ಮಂಡಿ ಊದಿಕೊಂಡಿತು, ಸುಳ್ಳು ಹೇಳುವುದಿಲ್ಲ. ದೊಡ್ಡದನ್ನೇ ಕೊಂಡಿದ್ದರೆ ಊದುತ್ತಿರಲಿಲ್ಲವೇನೋ ಎಂದು ಎರಡು ರಾತ್ರಿ ನಿದ್ದೆ ಕೆಟ್ಟಿತು. ಫಿಸಿಯೋಥೆರಪಿಯ ಹುಡುಗಿ ಸೀಟನ್ನು ಒಂದು ಬೆರಳು ಎತ್ತರಿಸಲು ಹೇಳಿದಳು, ವಾರಕ್ಕೆ ಎರಡೇ ದಿನ ಅಂದಳು. ಆಮೇಲೆ ಇಳಿಯಿತು.

ಈಗ ಬುಧವಾರ ಬೆಳಗ್ಗೆ ಐದಕ್ಕೆ ಅದನ್ನು ಹೆಗಲಿಗೇರಿಸಿ ಮೂರು ಮಹಡಿ ಇಳಿಯುತ್ತೇನೆ. ಅಷ್ಟು ಹೊತ್ತಿಗಾಗಲೇ ಇಂದ್ರಕೀಲಾದ್ರಿಯ ದೀಪಗಳು ನದಿಯಲ್ಲಿ ಕಾಣುತ್ತಿರುತ್ತವೆ, ಸುಪ್ರಭಾತ ಕೇಳುತ್ತಿರುತ್ತದೆ. ಕಳೆದ ವಾರ ಊರಿನಿಂದ ಅಮ್ಮ ಬಂದಿದ್ದಳು. ಗುಡಿ ನೋಡಿ ಬಂದು, ಮಲ್ಲೇಶ್ವರನಿಗೂ ಕೈಮುಗಿದು, ಮೆಟ್ಟಿಲ ಬುಡದಲ್ಲಿ ನಾನು ಸೈಕಲ್ಲು ಹೊತ್ತು ಬರುವುದನ್ನೇ ನೋಡುತ್ತ ನಿಂತಿದ್ದಳು.

"ಮೋಟಾರಿದ್ರೂ ಹೊರದೇಯನೋ?" ಅಂದಳು.

"ಹ್ಞೂಂ," ಅಂದೆ. "ಸರಿ, ಏಳು ಗಂಟೆಗೆ ದೋಸೆ ಹೊಯ್ತಿ, ಅಷ್ಟರೊಳಗೆ ಬಾ," ಎಂದು ಒಳಗೆ ಹೋದಳು.