ಗೆರೆಯ ಮೇಲೊಂದು ವಾಕ್ಯ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಇಂಗ್ಲಿಷ್ ಸಾಹಿತ್ಯ ಆರಿಸಿಕೊಂಡವರಿಗೆ ವ್ಯಾಕರಣ ಬರುವುದಿಲ್ಲ ಎಂಬ ಮಾತಿದೆ. ನಮ್ಮ ಮಟ್ಟಿಗೆ ಅದು ಸುಳ್ಳು. ರೆನ್ ಆ್ಯಂಡ್ ಮಾರ್ಟಿನ್ ನಿಯಮಗಳು ನಮಗೆ ಬಾಯಿಪಾಠವಾಗಿದ್ದವು. ಆ್ಯಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡಿ ಎಂದರೆ ನಿದ್ದೆಗಣ್ಣಲ್ಲೂ ಮಾಡುತ್ತಿದ್ದೆವು. ಕಷ್ಟವಿದ್ದದ್ದು ಬೇರೆ ಕಡೆ. ಆರು ಸಾಲಿನ ಒಂದು ವಾಕ್ಯ ಎದುರಾದರೆ ಅದರಲ್ಲಿ ಯಾರು ಏನು ಮಾಡಿದರು ಎಂಬುದೇ ಸಿಗುತ್ತಿರಲಿಲ್ಲ. ಪ್ರತಿ ಪದವನ್ನೂ ನಿಘಂಟಿನಲ್ಲಿ ನೋಡಿದ ಮೇಲೂ ವಾಕ್ಯ ಬಾಯಿ ಬಿಡುತ್ತಿರಲಿಲ್ಲ.

ಆಗ ಕೈಗೆ ಬಂದದ್ದು 1877ರ ಒಂದು ಅಮೆರಿಕನ್ ಪಠ್ಯಪುಸ್ತಕ, 'ಹೈಯರ್ ಲೆಸನ್ಸ್ ಇನ್ ಇಂಗ್ಲಿಷ್'. ಬರೆದವರು ಅಲೊಂಜೊ ರೀಡ್ ಮತ್ತು ಬ್ರೈನರ್ಡ್ ಕೆಲಾಗ್, ಬ್ರೂಕ್ಲಿನ್‌ನ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಪಾಠ ಹೇಳಿದವರು. ಅವರಿಗೂ ಮೊದಲು, 1847ರಲ್ಲಿ, ಎಸ್.ಡಬ್ಲ್ಯು. ಕ್ಲಾರ್ಕ್ ಎಂಬ ಮೇಷ್ಟರು ಪದಗಳನ್ನು ಗುಳ್ಳೆಗಳೊಳಗೆ ಕೂರಿಸಿ ಒಂದಕ್ಕೊಂದು ಅಂಟಿಸಿದ್ದರು. ನೋಡಿದರೆ ಬಲೂನಿನ ಗೊಂಚಲು. ರೀಡ್ ಮತ್ತು ಕೆಲಾಗ್ ಗುಳ್ಳೆಗಳನ್ನು ಒಡೆದು ಗೆರೆಗಳನ್ನಷ್ಟೇ ಉಳಿಸಿಕೊಂಡರು.

ವಿಧಾನ ಸರಳ. ಅಡ್ಡಗೆರೆಯೊಂದನ್ನು ಎಳೆಯಿರಿ. ಅದನ್ನು ಸೀಳಿಕೊಂಡು ಹೋಗುವ ಒಂದು ಉದ್ದಗೆರೆ: ಎಡಕ್ಕೆ ಕರ್ತೃ, ಬಲಕ್ಕೆ ಕ್ರಿಯಾಪದ. ಕ್ರಿಯಾಪದದ ಆಚೆ, ಅಡ್ಡಗೆರೆಯ ಮೇಲೆ ನಿಲ್ಲುವ, ಆದರೆ ಅದನ್ನು ಸೀಳದ ಇನ್ನೊಂದು ಗೆರೆ, ಅದರಾಚೆ ಕರ್ಮ. ವಿಶೇಷಣಗಳೆಲ್ಲ ತಮ್ಮ ತಮ್ಮ ಪದದ ಕೆಳಗೆ ಓರೆಗೆರೆಯಲ್ಲಿ ನೇತಾಡುತ್ತವೆ. ಉಪವಾಕ್ಯಗಳಿಗೆ ಕೆಳಗೆ ತಮ್ಮದೇ ಅಡ್ಡಗೆರೆ, ನಡುವೆ ಚುಕ್ಕಿಗೆರೆಯ ಸೇತುವೆ.

ಹುರುಪಿನಲ್ಲಿ ನಾನು ಕೈಹಾಕಿದ್ದು ನಮ್ಮ ಸಂವಿಧಾನದ ಪ್ರಸ್ತಾವನೆಗೆ. ಇಂಗ್ಲಿಷಿನಲ್ಲಿ ಅದು ಇಡಿಯಾಗಿ ಒಂದೇ ವಾಕ್ಯ. ಒಂದು ಡ್ರಾಯಿಂಗ್ ಹಾಳೆ ಬೇಕಾಯಿತು. ಅಡ್ಡಗೆರೆಯ ಮೇಲೆ ಕೊನೆಗೆ ಉಳಿದದ್ದು ಇಷ್ಟು: ಎಡಕ್ಕೆ 'ವಿ', ಬಲಕ್ಕೆ ಫೋರ್ಕಿನ ಹಲ್ಲುಗಳಂತೆ ಮೂರು ಕ್ರಿಯಾಪದಗಳು, ಅಡಾಪ್ಟ್, ಎನಾಕ್ಟ್, ಗಿವ್, ಅವು ಮತ್ತೆ ಕೂಡುವಲ್ಲಿ 'ಕಾನ್‌ಸ್ಟಿಟ್ಯೂಶನ್'. ಹಾಗಾದರೆ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ? ಅವೆಲ್ಲ 'ರಿಸಾಲ್ವ್ಡ್' ಎಂಬ ಒಂದು ಕೃದಂತಕ್ಕೆ ಜೋತುಬಿದ್ದು, ಆ ಕೃದಂತ 'ವಿ' ಎಂಬ ಎರಡಕ್ಷರಕ್ಕೆ ಜೋತುಬಿದ್ದಿದೆ. ಅಷ್ಟು ದೊಡ್ಡ ಗೊಂಚಲಿನ ಭಾರವೆಲ್ಲ 'ನಾವು' ಎಂಬುದರ ಮೇಲೆ. ಅದನ್ನು ಶಾಲೆಯಲ್ಲಿ ಎಷ್ಟೋ ಸಲ ಗಟ್ಟಿಯಾಗಿ ಓದಿದ್ದೆ. ಕಣ್ಣಿಗೆ ಬಿದ್ದದ್ದು ಆವತ್ತು. ಕನ್ನಡದ ಪ್ರಸ್ತಾವನೆಯಲ್ಲಿ ಆ ಫೋರ್ಕಿಲ್ಲ. 'ಅಂಗೀಕರಿಸಿ' ಎಂದು ಇಕಾರದಲ್ಲಿ ಮುಂದಕ್ಕೆ ಸಾಗಿ, ಅರ್ಪಿಸಿಕೊಳ್ಳುವ ಕೊನೆಯ ಒಂದೇ ಕ್ರಿಯಾಪದದಲ್ಲಿ ವಾಕ್ಯ ಇಳಿಯುತ್ತದೆ. ಅಲ್ಲಿ ಮೂರು ಸಮನಾದ ಕೆಲಸಗಳು. ಇಲ್ಲಿ ಒಂದರ ಹಿಂದೊಂದು ಮೆಟ್ಟಿಲು.

ಅಲ್ಲಿಂದ ಕನ್ನಡ ವಾಕ್ಯಗಳಿಗೂ ಗೆರೆ ಎಳೆಯುವ ಚಟ ಹತ್ತಿತು. 'ಐ ಆ್ಯಮ್ ಹಂಗ್ರಿ' ಎಂಬಲ್ಲಿ 'ಐ' ಅಡ್ಡಗೆರೆಯ ತುದಿಯಲ್ಲಿ ದೊರೆಯಂತೆ ಕೂತಿರುತ್ತದೆ. 'ನನಗೆ ಹಸಿವಾಗಿದೆ' ಎಂದರೆ ದೊರೆಯ ಜಾಗ ಹಸಿವಿಗೆ. ಚತುರ್ಥಿಯ 'ನನಗೆ' ಕೆಳಗೆ ನೇತಾಡಬೇಕು. 'ಅವನು ನನ್ನ ತಮ್ಮ' ಎಂಬಲ್ಲಿ ಕ್ರಿಯಾಪದವೇ ಇಲ್ಲ, ಬಲಗಡೆ ಏನು ಬರೆಯುವುದು? ರೀಡ್ ಮತ್ತು ಕೆಲಾಗ್ ಇದಕ್ಕೆ ಸಿದ್ಧರಾಗಿ ಬಂದವರಲ್ಲ. ಇಂಗ್ಲಿಷಿನಲ್ಲಿ ಸಂಬಂಧ ಹೇಳುವುದು ಬಹುಪಾಲು ಪದದ ಜಾಗ, ಅದಕ್ಕೇ ಅದಕ್ಕೊಂದು ಭೂಪಟ ಬೇಕು. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಗುರುತಿನ ಚೀಟಿಯಂತೆ ಪದದ ಕೊರಳಲ್ಲೇ ಇರುತ್ತದೆ. ಹಾಗಂತ ಬೀಗಬೇಕಿಲ್ಲ. 'ಹಳೆಯ ಊರಿನ ಗೆಳೆಯ' ಎಂದರೆ ಹಳೆಯದು ಊರೋ ಗೆಳೆತನವೋ? ಓರೆಗೆರೆಯನ್ನು ಎರಡರಲ್ಲಿ ಒಂದಕ್ಕೆ ತಗುಲಿಸಲೇಬೇಕು, ನಡುವೆ ತೇಲಿಸಿ ಬಿಡುವಂತಿಲ್ಲ. ಈ ವಿಧಾನದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಹಟವೇ.

ಅಮೆರಿಕದಲ್ಲಿ ಈ ಪಾಠ ಹೆಚ್ಚುಕಡಿಮೆ ಮರೆಯಾಗಿದೆ. ಬಿಡಿ ವ್ಯಾಕರಣ ಕಲಿಸಿದರೆ ಮಕ್ಕಳ ಬರವಣಿಗೆ ಸುಧಾರಿಸುವುದಿಲ್ಲ ಎಂದು ಅಲ್ಲಿನ ಇಂಗ್ಲಿಷ್ ಅಧ್ಯಾಪಕರ ರಾಷ್ಟ್ರೀಯ ಮಂಡಳಿ 1963ರಲ್ಲಿ ಪ್ರಕಟಿಸಿದ ವರದಿ ಹೇಳಿತು. 1985ರಲ್ಲಿ ಮಂಡಳಿ ಅಂಥ ಅಭ್ಯಾಸಗಳ ವಿರುದ್ಧ ನಿರ್ಣಯವನ್ನೇ ಮಾಡಿತು. ಗರ್ಟ್ರೂಡ್ ಸ್ಟೈನ್‌ಗೆ ಮಾತ್ರ ವಾಕ್ಯದ ನಕ್ಷೆ ಬಿಡಿಸುವುದು ಬಲು ರೋಚಕವಾಗಿ ಕಂಡಿತ್ತಂತೆ, ಆಕೆಯ ವಾಕ್ಯ ಓದಿದವರು ನಗಬಹುದು. ವರದಿಯ ಮೇಲೆ ನನಗೆ ತಕರಾರಿಲ್ಲ. ಗೆರೆ ಎಳೆದು ನಾನೂ ಒಳ್ಳೆಯ ಬರಹಗಾರನಾಗಲಿಲ್ಲ. ಅದು ಕಲಿಸಿದ್ದು ಓದುವುದನ್ನು, ಅದರಲ್ಲೂ ನನಗಾಗಿ ಬರೆಯದ ವಾಕ್ಯಗಳನ್ನು ಓದುವುದನ್ನು.

ಅಂಥದ್ದೊಂದು ವಾಕ್ಯ ಮನೆಗೂ ಬಂತು. ಚಿಕ್ಕಪ್ಪನ ಸಾಲಕ್ಕೆ ಅಪ್ಪ ಜಾಮೀನು ನಿಲ್ಲುವವರಿದ್ದರು. ಇಂಗ್ಲಿಷ್ ಪತ್ರದ ಒಂದು ಕಲಮು ಒಂಬತ್ತು ಸಾಲು, ಪೂರ್ಣವಿರಾಮ ಒಂದೇ. ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದೆ. 'ಗ್ಯಾರಂಟರ್' ಎಡಕ್ಕೆ, 'ಶಲ್ ಪೇ' ಬಲಕ್ಕೆ, ಮೊತ್ತ ಅದರಾಚೆ. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂದು ಶುರುವಾಗುವ ಮೂರು ಸಾಲಿನ ಗದ್ದಲವೆಲ್ಲ ಕೆಳಗಿಳಿಯಿತು. ಉಳಿದ ಒಂದು ಓರೆಗೆರೆಯಲ್ಲಿ, ಸಾಲಗಾರನನ್ನು ಮೊದಲು ಕೇಳಬೇಕೆಂದೇನಿಲ್ಲ ಎಂಬ ಮಾತು 'ಪೇ'ಗೆ ನೇರ ಅಂಟಿಕೊಂಡಿತ್ತು.

'ಏನಂತೆ?' ಎಂದರು ಅಪ್ಪ.

'ಅವನು ಕಟ್ಟದಿದ್ದರೆ ನೀವು ಕಟ್ಟಬೇಕು. ಅವನನ್ನು ಬಿಟ್ಟು ಸೀದಾ ನಿಮ್ಮ ಹತ್ತಿರವೇ ಬರಬಹುದು.'

ಅಪ್ಪ ಕ್ಯಾಲೆಂಡರನ್ನು ತಿರುಗಿಸಿ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದರು. 'ಅಷ್ಟೇ ತಾನೆ, ಗೊತ್ತಿದ್ದದ್ದೇ' ಎಂದು ಪೆನ್ನು ಕೇಳಿದರು.