ಫ್ಯಾಂಟಮ್ಮನಿಗೆ ಮುಖ ಬಂದ ದಿನ

ಒಂದು ಪ್ರಶ್ನೆ ಕೇಳುತ್ತೇನೆ, ನಗಬೇಡಿ. ಆ ಕಾಲದಲ್ಲಿ ಮನೆಗೆ ‘ಸುಧಾ’ ಬಂದ ಕೂಡಲೇ ನೀವು ಮೊದಲು ತೆರೆಯುತ್ತಿದ್ದ ಪುಟ ಯಾವುದು? ಧಾರಾವಾಹಿ ಎನ್ನುತ್ತೀರಿ, ಹೊಸರುಚಿ ಎನ್ನುತ್ತೀರಿ. ನಾನಂತೂ ನಿಜ ಹೇಳಿಬಿಡುತ್ತೇನೆ. ನನ್ನದು ಫ್ಯಾಂಟಮ್ ಪುಟ!

ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಐದು ನಿಮಿಷದ ದಾರಿಯಲ್ಲಿ ನಮ್ಮ ವಠಾರದ ಮನೆ. ಪತ್ರಿಕೆ ಬಂದರೆ ಮೊದಲು ಅಪ್ಪ, ಆಮೇಲೆ ಅಮ್ಮ, ನಂತರ ಅಣ್ಣ, ಕಟ್ಟಕಡೆಗೆ ನಾನು. ಅಜ್ಜಿಗೆ ಕಣ್ಣು ಮಂಜಾಗಿದ್ದರಿಂದ ಅಣ್ಣನೇ ಓದಿ ಹೇಳಬೇಕು. ಅಜ್ಜಿ ಹೂಬತ್ತಿ ಹೊಸೆಯುತ್ತಾ ಕೇಳುವರು, “ಈ ವಾರವಾದ್ರೂ ಆ ಮುಸುಕಿನವನ ಮುಖ ಕಾಣಿಸ್ತೇನೋ?”

ಕಾಣಿಸುತ್ತಲೇ ಇರಲಿಲ್ಲ. ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಲೀ ಫಾಕ್ ಎಂಬಾತ ೧೯೩೬ರ ಫೆಬ್ರವರಿಯಲ್ಲಿ ಪತ್ರಿಕೆಗಳಿಗಾಗಿ ಹುಟ್ಟಿಸಿದ ವೀರ ಈ ಫ್ಯಾಂಟಮ್. ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಹಿರಿಯ. ಆಕಾಶದಲ್ಲಿ ಹಾರಲಾರ, ಮಂತ್ರ ತಂತ್ರ ಬಾರದು. ಅಪ್ಪ ಸತ್ತರೆ ಮಗ ಅದೇ ಉಡುಪು, ಅದೇ ಮುಖವಾಡ ಧರಿಸುತ್ತಾನೆ. ಈತ ೨೧ನೆಯವನು. ಕಾಡಿನ ಜನ ಮಾತ್ರ ನಾಲ್ಕು ನೂರು ವರ್ಷದಿಂದ ಒಬ್ಬನೇ ಇದ್ದಾನೆ, ಅವನಿಗೆ ಸಾವಿಲ್ಲ ಎಂದು ನಂಬಿದ್ದಾರೆ. ತಲೆಬುರುಡೆಯ ಗವಿ, ಬಿಳಿ ಕುದುರೆ, ಸಾಕಿದ ತೋಳ, ಗುದ್ದಿದರೆ ಗುರುತು ಉಳಿಯುವ ಉಂಗುರ. ಪಟ್ಟಣಕ್ಕೆ ಬಂದರೂ ಕೋಟು, ಟೋಪಿ, ಕಪ್ಪು ಕನ್ನಡಕ. ಮುಖವಾಡವಿಲ್ಲದ ಮುಖ ನೋಡಿದವರಿಗೆ ಉಳಿಗಾಲವಿಲ್ಲ ಎಂಬ ಹೆದರಿಕೆ ಬೇರೆ.

ಈಗ ಯೋಚಿಸಿದರೆ ಒಂದು ವಿಷಯ ಚುಚ್ಚುತ್ತದೆ. ಅಷ್ಟು ದೊಡ್ಡ ಕಾಡಿಗೆ, ಅಷ್ಟು ಜನಕ್ಕೆ, ಹೊರಗಿನಿಂದ ಬಂದ ಬಿಳಿಯನೇ ದಿಕ್ಕಾಗಬೇಕಿತ್ತೆ? ಆಗ ಅದು ನಮಗೆ ಹೊಳೆಯಲೇ ಇಲ್ಲ. ಅವನು ಅಚ್ಚ ಕನ್ನಡ ಮಾತನಾಡುತ್ತಿದ್ದನಲ್ಲ, ನಮ್ಮವನೇ ಅಂದುಕೊಂಡಿದ್ದೆವು. ಬ್ಯೂಗಲ್ ರಾಕ್‌ನ ಬಂಡೆಗಳ ಸಂದು ನಮ್ಮ ತಲೆಬುರುಡೆ ಗವಿ. ಕಡಲೆಕಾಯಿ ಪರಿಷೆಯಲ್ಲಿ ಕೊಂಡ ತಗಡಿನ ಉಂಗುರದಿಂದ ಅಣ್ಣ ಗುದ್ದಿದ ಗುರುತು ನನ್ನ ತೋಳಿನ ಮೇಲೆ ವಾರಗಟ್ಟಲೆ ಇತ್ತು.

ಅಣ್ಣ ಪ್ರತಿ ವಾರದ ಪುಟವನ್ನೂ ಕತ್ತರಿಸಿ ಇಡುವನು. ನೂರಕ್ಕೂ ಮಿಕ್ಕಿ ಸೇರಿದಾಗ ಗೋಣಿಸೂಜಿ, ದಪ್ಪ ದಾರದಲ್ಲಿ ಹೊಲಿದು, ಮದುವೆಯ ಆಹ್ವಾನಪತ್ರಿಕೆಯ ರಟ್ಟು ಅಂಟಿಸಿ ಬೈಂಡು ಮಾಡಿದ. ನಿಮ್ಮಮ್ಮಂದಿರು ಧಾರಾವಾಹಿಗಳನ್ನು ಹೊಲಿದಿಡುತ್ತಿದ್ದರಲ್ಲ, ಹಾಗೇ. ೧೯೭೩ರಲ್ಲಿ ಅವನು ಎಸ್.ಎಸ್.ಎಲ್.ಸಿ. ಅರ್ಧವಾರ್ಷಿಕದಲ್ಲಿ ಲೆಕ್ಕಕ್ಕೆ ೧೮ ಅಂಕ. ಅಪ್ಪನ ಕೋಪ ನೇರವಾಗಿ ಫ್ಯಾಂಟಮ್ಮನ ಮೇಲೆ. “ಆ ಪುಸ್ತಕ ಎಲ್ಲಿ?” ಅಣ್ಣ ಬಾಯಿ ಬಿಡಲಿಲ್ಲ.

ಹೇಳಿದವಳು ನಾನು. ಅಟ್ಟದ ಮೇಲೆ, ಹಿತ್ತಾಳೆ ಕೊಳಗದೊಳಗೆ.

ಯಾಕೆ ಹೇಳಿದೆ ಅಂತೀರಾ? ಹನ್ನೊಂದು ವರ್ಷದ ಹುಡುಗಿ, ಅಪ್ಪ ಅಪರೂಪಕ್ಕೆ ಮೃದುವಾಗಿ ಕೇಳಿದರು. ಅಷ್ಟೆ. ಮಾರನೆಯ ದಿನ ಅಣ್ಣ ಸ್ಕೂಲಿಗೆ ಹೋದಾಗ ಹಳೇ ಪೇಪರ್, ಖಾಲಿ ಸೀಸಾದವನ ತಕ್ಕಡಿಗೆ ಅದು ಬಿತ್ತು. ಬಂದ ಚಿಲ್ಲರೆಯಲ್ಲಿ ಅಪ್ಪ ನನಗೂ ಒಂದು ಕಾಸು ಕೊಟ್ಟರು. ಅದರಲ್ಲಿ ನಾನು ಕೊಂಡದ್ದು ಏನು ಗೊತ್ತೇ? ಫ್ಯಾಂಟಮ್ ಚಿತ್ರವಿದ್ದ ಪೊಟ್ಟಣದ ಪೆಪ್ಪರಮೆಂಟು ಸಿಗರೇಟು. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಣ್ಣ ಯಾರು ಹೇಳಿದರೆಂದು ಕೇಳಲಿಲ್ಲ. ಪಾಸಾದ, ಮುಂಬಯಿಗೆ ಹೋದ, ಅಲ್ಲೇ ನೆಲೆ ನಿಂತ. ೧೯೭೭ರಲ್ಲಿ ಫ್ಯಾಂಟಮ್ ಮತ್ತು ಡಯಾನಾ ಪಾಮರ್ ಮದುವೆಯಾದರು. ಕಥೆ ನಮ್ಮ ಕೈಗೆ ಬಂದಾಗ ಅವನಿಗೆ ಕಾರ್ಡು ಹಾಕಿದೆ. ಅಜ್ಜಿಯಂತೂ, “ನಲವತ್ತು ವರ್ಷ ಕಾಯಿಸಿದನೇನೇ ಆ ಹುಡುಗೀನ! ಇವನೆಂಥ ವೀರ!” ಎಂದು ಹಣೆ ಚಚ್ಚಿಕೊಂಡರು. ಅದನ್ನೂ ಕಾರ್ಡಿನಲ್ಲಿ ಬರೆದೆ. ಬರೆಯಬೇಕಾದ್ದನ್ನು ಬರೆಯಲಿಲ್ಲ.

೧೯೯೬ರಲ್ಲಿ ಹಾಲಿವುಡ್ಡಿನವರು ‘ದಿ ಫ್ಯಾಂಟಮ್’ ಸಿನಿಮಾ ಮಾಡಿದರು. ೧೯೪೩ರಲ್ಲೇ ಹದಿನೈದು ಕಂತುಗಳ ಒಂದು ಚಿತ್ರ ಬಂದಿತ್ತಂತೆ, ಅದನ್ನು ಕಂಡವರು ಯಾರು? ಇದು ಹೊಸದು, ಬಣ್ಣದ್ದು. ಮರುವರ್ಷ ಅಣ್ಣ ರಜೆಗೆ ಬಂದಾಗ ಕ್ಯಾಸೆಟ್ ಬಾಡಿಗೆಗೆ ತರಿಸಿದೆ. ಚಕ್ಕುಲಿ ಕರಿದಿಟ್ಟೆ. ನನ್ನ ಇಬ್ಬರು ಮಕ್ಕಳಿಗೆ ವಾರವೆಲ್ಲ ಗವಿ, ತೋಳ, ಉಂಗುರದ ಕಥೆ ಹೇಳಿ ತಲೆ ತಿಂದಿದ್ದೆ. ಅಣ್ಣನಿಗೆ ಅವನ ಪುಸ್ತಕ ವಾಪಸು ಕೊಡುತ್ತಿದ್ದೇನೆ ಅನ್ನುವ ಹಾಗೆ ನನ್ನ ಸಡಗರ!

ಹತ್ತು ನಿಮಿಷಕ್ಕೇ ಮಕ್ಕಳು ನಗಲು ಶುರು ಮಾಡಿದರು. ಬಿಲ್ಲಿ ಝೇನ್ ಎಂಬ ನಟ, ಮೈಗಂಟಿದ ನೇರಳೆ ಉಡುಪು, ಅದರ ತುಂಬ ಚಿತ್ತಾರ. “ಅಮ್ಮಾ, ಇವನು ಬದನೆಕಾಯಿ ಥರ ಇದಾನೆ!” ಮೂರು ಮಾಯದ ತಲೆಬುರುಡೆಗಳು, ಒಂದು ಚಿನ್ನದ್ದು, ಒಂದು ಬೆಳ್ಳಿಯದು, ಒಂದು ಜೇಡ್ ಕಲ್ಲಿನದು, ಅವು ಒಂದಾದರೆ ಲೋಕವೇ ದುಷ್ಟನ ಕೈವಶ. ಅದನ್ನೇ ಹುಡುಕುತ್ತಾ ನ್ಯೂಯಾರ್ಕಿಗೆ ಓಟ. ಕುದುರೆ ಇತ್ತು, ತೋಳ ಇತ್ತು, ಗವಿಯೂ ಇತ್ತು, ಒಂದೂ ಕಡಿಮೆಯಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ಸೂಟು ಹಾಕಿಕೊಂಡು, ಮುಖವಾಡವಿಲ್ಲದೆ, ಕನ್ನಡಕವೂ ಇಲ್ಲದೆ, ಹಲ್ಲು ಬಿಟ್ಟು ನಗುತ್ತಾ ನಿಂತುಬಿಟ್ಟ! ಅಜ್ಜಿ ಸಾಯುವ ತನಕ ಕಾದರೂ ಕಾಣದ ಮುಖ, ಬಾಡಿಗೆ ಕ್ಯಾಸೆಟ್ಟಿನಲ್ಲಿ ಇಷ್ಟು ಸುಲಭವಾಗಿ. ಚೆಲುವನೇ, ಇಲ್ಲವೆನ್ನುವುದಿಲ್ಲ. ನಮ್ಮ ಬೀದಿಯ ಬ್ಯಾಂಕಿನ ಹೊಸ ಮ್ಯಾನೇಜರ್ ಥರ ಇದ್ದ.

ನಮ್ಮ ಮನೆಯವರು ಅರ್ಧಕ್ಕೇ ಗೊರಕೆ. ಕೊನೆಗೆ ಡಯಾನಾ ಕೂಡ ವಿಮಾನ ಹತ್ತಿ ಹೊರಟುಹೋದಳು. ಎಲ್ಲ ಸೇರಿ ಒಂದು ಗಂಟೆ ನಲವತ್ತು ನಿಮಿಷ. ನಾವು ಒಂದು ಗುದ್ದಿನ ಫಲ ಏನಾಯಿತೆಂದು ತಿಳಿಯಲು ಏಳು ದಿನ ಕಾಯುತ್ತಿದ್ದೆವು. ನನಗೊಬ್ಬಳಿಗೇ ಹೀಗಾಯಿತೇನೋ ಅಂದುಕೊಂಡಿದ್ದೆ. ಇಲ್ಲ, ಸುಮಾರು ನಾಲ್ಕೂವರೆ ಕೋಟಿ ಡಾಲರ್ ಸುರಿದ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು ಒಂದು ಕೋಟಿ ಎಪ್ಪತ್ತು ಲಕ್ಷದಷ್ಟು. ಎರಡನೇ ಭಾಗ ಬರಲೇ ಇಲ್ಲ.

ಮಕ್ಕಳು ಆಡಲು ಹೋದರು. ಅಣ್ಣ ತಟ್ಟೆಯಲ್ಲಿದ್ದ ಚಕ್ಕುಲಿ ಮುರಿಯುತ್ತಾ, “ಮುಖ ತೋರಿಸಬಾರದಿತ್ತು ಕಣೇ” ಎಂದ.

ಇನ್ನು ತಡೆಯಲಾಗಲಿಲ್ಲ. “ಅಣ್ಣಾ, ಆ ಬುಕ್ಕು ಕೊಳಗದಲ್ಲಿದೆ ಅಂತ ಅಪ್ಪನಿಗೆ ಹೇಳಿದ್ದು ನಾನು.”

ಅವನು ತಲೆ ಎತ್ತಲಿಲ್ಲ. “ಅಮ್ಮ ಅಂದುಕೊಂಡಿದ್ದೆ” ಎಂದ. ಇಪ್ಪತ್ತನಾಲ್ಕು ವರ್ಷ! ಆ ಅಮ್ಮ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಮುಂಬಯಿಯಿಂದ ಅವನು ಅಮ್ಮನಿಗೆ ಬರೆಯುತ್ತಿದ್ದ ಎರಡೇ ಸಾಲಿನ ಕಾಗದಗಳು, ಅವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ ಅಮ್ಮ, ಎಲ್ಲ ನನ್ನ ಕಣ್ಣ ಮುಂದೆ ಬಂತು.

ಬಹಳ ಹೊತ್ತು ಸುಮ್ಮನಿದ್ದು, “ತೂಕಕ್ಕೆ ಹಾಕಿದಾಗ ಎಷ್ಟು ಬಂತು?” ಎಂದು ಕೇಳಿದ. ನನಗೆ ನೆನಪಿರಲಿಲ್ಲ. ಸಿಗರೇಟಿನ ವಿಷಯ ಮಾತ್ರ ಹೇಳಿದೆ. ಅವನು ನಗಲೂ ಇಲ್ಲ, ಬೈಯಲೂ ಇಲ್ಲ.

ರಿವೈಂಡ್ ಮಾಡದೆ ಕೊಟ್ಟರೆ ಅಂಗಡಿಯವನು ಎರಡು ರೂಪಾಯಿ ಹೆಚ್ಚಿಗೆ ಕೇಳುತ್ತಿದ್ದ. ಅಣ್ಣ ಎದ್ದು ಗುಂಡಿ ಒತ್ತಿದ. ಅದು ಸುತ್ತಿ ಮುಗಿಯುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು.