ಬಿಸಿಲನ್ನು ಗಿರಣಿಗೆ ಹಚ್ಚಿದವರು

ಧಾರವಾಡ ಜಿಲ್ಲೆಯ ತಾಲ್ಲೂಕುಗಳು ತಮ್ಮ ತಮ್ಮ ಹೆಸರನ್ನು ಜಗಳವಿಲ್ಲದೆ ಹಂಚಿಕೊಂಡಿವೆ. ನವಲಗುಂದಕ್ಕೆ ಜಮಖಾನ, ಕಲಘಟಗಿಗೆ ಬಣ್ಣದ ತೊಟ್ಟಿಲು, ಅಣ್ಣಿಗೇರಿಗೆ ಪಂಪ, ಕುಂದಗೋಳಕ್ಕೆ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಸಂಗೀತದ ಪಾಠಕ್ಕೆ ಬರುತ್ತಿದ್ದ ಊರು ಎಂದರೆ ಕುಂದಗೋಳದವರ ಮುಖ ಇಂದಿಗೂ ಅರಳುತ್ತದೆ. ನಾಲ್ಕೂ ತಾಲ್ಲೂಕಿಗೆ ಸಮನಾಗಿ ಸಿಕ್ಕ ಆಸ್ತಿಯೆಂದರೆ ಬಿಸಿಲು. ಅದನ್ನು ಹೊಗಳಿದವರು ಮಾತ್ರ ಕಡಿಮೆ. ಎರಿಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡಿಸುವ ಬಿಸಿಲನ್ನು ಬೈದವರೇ ಹೆಚ್ಚು.

ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಹೆಣ್ಣುಮಕ್ಕಳು ಅದೇ ಬಿಸಿಲನ್ನು ಕೆಲಸಕ್ಕೆ ಹಚ್ಚಿದ್ದಾರೆ. ಇಲ್ಲಿನ ಬೀಬೀ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಆ ವರ್ಷ ಇಡೀ ಜಗತ್ತಿನಲ್ಲಿ ಇದು ಸಿಕ್ಕಿದ್ದು ಹತ್ತು ಸಂಘಟನೆಗಳಿಗೆ. ಜೊತೆಗೆ 10,000 ಡಾಲರ್ ಬಹುಮಾನ.

ಸಂಘ ಹುಟ್ಟಿದ್ದು 2018ರಲ್ಲಿ, ಹತ್ತು ಹದಿನೈದು ಮಹಿಳೆಯರಿಂದ. ಆಗ ಅವರ ತಲೆಯಲ್ಲಿ ಸೋಲಾರ್ ಇರಲಿಲ್ಲ, ಸಾವೆ ಇತ್ತು. ಸಾವೆ, ನವಣೆ, ಬರಗು, ಕೊರಲೆ, ಊದಲು ಒಂದು ಕಾಲಕ್ಕೆ ಈ ಸೀಮೆಯ ಮಳೆಯಾಶ್ರಿತ ಹೊಲಗಳ ಬೆಳೆಗಳು. ಹತ್ತಿ, ಸೋಯಾ, ಗೋವಿನಜೋಳ ಬಂದಂತೆ ಇವು ಬದುವಿಗೆ ಸರಿದವು, ಆಮೇಲೆ ಬದುವಿನಿಂದಲೂ ಇಳಿದವು. ದೇಸಿ ಬೀಜಗಳ ಕೆಲಸದಲ್ಲಿ ಹೆಸರಾದ ‘ಸಹಜ ಸಮೃದ್ಧ’ ಸಂಸ್ಥೆ ಜೊತೆಗೂಡಿದ ಮೇಲೆ ಮಹಿಳೆಯರು ಬೀಜ ಬ್ಯಾಂಕ್ ಕಟ್ಟಿದರು, ಅಕ್ಕಡಿ ಬೆಳೆಯನ್ನು ಹೊಲಕ್ಕೆ ಮರಳಿ ತಂದರು. ಇಂದು ಆ ಕೆಲಸ ಸುತ್ತಲಿನ 30 ಹಳ್ಳಿಗಳನ್ನು ಮುಟ್ಟಿದೆ.

ಬೆಳೆದದ್ದೇನೋ ಆಯಿತು, ಉಣ್ಣುವುದು ಹೇಗೆ?

ಸಿರಿಧಾನ್ಯ ಮನೆ ಬಿಟ್ಟು ಹೋದದ್ದರ ಹಿಂದೆ ಹೆಣ್ಣುಮಕ್ಕಳ ರಟ್ಟೆನೋವೂ ಇದೆ. ಜೋಳವನ್ನು ಬೀಸಿದರೆ ಹಿಟ್ಟು; ರಾಗಿಯೂ ಹಾಗೆಯೇ. ಸಾವೆಯದು ಹಾಗಲ್ಲ. ಸಾಸಿವೆಗಿಂತ ತುಸು ದೊಡ್ಡದಾದ ಕಾಳಿನ ಮೇಲೆ ಗಟ್ಟಿ ಸಿಪ್ಪೆ. ಅದನ್ನು ಬಿಡಿಸಿದರಷ್ಟೇ ಅಕ್ಕಿ. ಒರಳಿಗೆ ಹಾಕಿ ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಮತ್ತೆ ಕುಟ್ಟಬೇಕು. ಭತ್ತದ ಗಿರಣಿಗೆ ಹಾಕಿದರೆ ಕಾಳು ನುಚ್ಚಾಗುತ್ತದೆ, ಇಲ್ಲವೇ ಸಿಪ್ಪೆಸಮೇತ ಹೊರಬೀಳುತ್ತದೆ. ಇಷ್ಟೆಲ್ಲ ಕಷ್ಟದ ಎದುರು ರೇಷನ್ ಅಕ್ಕಿ ಬಂದು ಕೂತರೆ ಯಾರು ಒನಕೆ ಹಿಡಿದಾರು? ಹಾಗಾಗಿ ಸಾವೆಯನ್ನು ಉಳಿಸುವುದೆಂದರೆ ಕಲ್ಲು ಆರಿಸುವ, ಕಾಳು ವಿಂಗಡಿಸುವ, ಸಿಪ್ಪೆ ಸುಲಿಯುವ ಯಂತ್ರಗಳನ್ನು ಊರಲ್ಲೇ ಕೂರಿಸುವುದು ಎಂದಾಯಿತು.

ಯಂತ್ರ ಬಂದರೆ ಕರೆಂಟಿನ ಪ್ರಶ್ನೆ. ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂಬುದು ಹಳ್ಳಿಯಲ್ಲಿ ದಿನದ ಮಾತುಕತೆ. “ಕರೆಂಟ್ ಬಂತೇನ್ರಿ?” ಎಂದರೆ “ಈಗ ಬಂದಿತ್ತಲ್ಲಾ, ಹೋತು” ಎನ್ನುವುದು ಕುಶಲೋಪರಿಯಷ್ಟೇ ಸಾಮಾನ್ಯ. ಹೊಲದ ಕೆಲಸ, ಒಲೆಯ ಕೆಲಸ ಮುಗಿಸಿ ಬರುವ ಮಹಿಳೆಯರಿಗೆ ನಡುರಾತ್ರಿಯ ಕರೆಂಟಿನಿಂದ ಏನು ಉಪಯೋಗ? ಇಲ್ಲಿ ನೆರವಿಗೆ ಬಂದದ್ದು ಸೆಲ್ಕೋ ಪ್ರತಿಷ್ಠಾನ. ಇದು 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ 1995ರಲ್ಲಿ ಕಟ್ಟಿದ ಸೋಲಾರ್ ಸಂಸ್ಥೆ ಸೆಲ್ಕೋದ ಬಳಗಕ್ಕೆ ಸೇರಿದ್ದು. ಹೀಗೆ ಸಂಘದ ಸಿರಿಧಾನ್ಯ ಘಟಕ ಸೂರ್ಯನ ಲೆಕ್ಕಕ್ಕೆ ಸೇರಿತು.

ಹೊಂದಾಣಿಕೆಯೂ ಚೆನ್ನಾಗಿದೆ. ಮುಂಗಾರಿಗೆ ಬಿತ್ತಿದ ಸಾವೆ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಕಟಾವಿಗೆ ಬರುತ್ತದೆ. ಅಲ್ಲಿಂದಾಚೆಗೆ ಯುಗಾದಿ ದಾಟುವವರೆಗೂ ಕಣದಲ್ಲಿ ಒಳ್ಳೆಯ ಬಿಸಿಲು. ಕಾಳು ಸರಿಯಾಗಿ ಒಣಗದಿದ್ದರೆ ಸಿಪ್ಪೆ ಬಿಡುವುದಿಲ್ಲ. ಕಾಳು ಒಣಗಿಸುವ ಬಿಸಿಲೇ ಮೋಟಾರನ್ನೂ ತಿರುಗಿಸುತ್ತದೆ. ಶ್ರಾವಣದ ಮೋಡದಲ್ಲಿ ಪ್ಯಾನೆಲ್ ಮಂಕಾದರೂ ಚಿಂತೆಯಿಲ್ಲ, ಆಗ ಹೆಣ್ಣುಮಕ್ಕಳೆಲ್ಲ ಕಳೆ ತೆಗೆಯಲು ಹೊಲಕ್ಕೆ ಹೋಗಿರುತ್ತಾರೆ.

ಕರೆಂಟನ್ನು ಊರವರೇ ನಿಭಾಯಿಸುವುದು ಕರ್ನಾಟಕಕ್ಕೆ ಹೊಸತಲ್ಲ. ಪಕ್ಕದ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ತಾನೇ ಕರೆಂಟು ಹಂಚುತ್ತ ಬಂದಿದೆ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಕಥೆ ಇನ್ನೂ ಸ್ವಾರಸ್ಯದ್ದು. ಎ.ಕೆ.ಎನ್. ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ನಿರ್ಮಿಸಿತು. ಅಡುಗೆಗೆ ಗ್ಯಾಸ್ ಕೊಡುವ ಮೊದಲ ಯೋಚನೆ ಸಗಣಿ ಸಾಲದೆ ಕೈಕೊಟ್ಟಿತು. ಊರವರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ದುಡ್ಡು, ಬಗ್ಗಡ ಮತ್ತೆ ಅವರ ಹೊಲಕ್ಕೇ ಗೊಬ್ಬರ.

ಪುರದಲ್ಲಿ ನೀರು ಮಾಡಿದ ಕೆಲಸವನ್ನು ತೀರ್ಥದಲ್ಲಿ ಸಾವೆಯ ಸಿಪ್ಪೆ ಮಾಡಿತು. ಎರಡೂ ಕಡೆ ಊರಿನ ಒಂದು ಗೋಳು ಯಂತ್ರವನ್ನು ಕರೆಸಿಕೊಂಡಿತು. ಸಬ್ಸಿಡಿಯ ಆಸೆಗೆ ಚಾವಣಿ ಏರಿದ ಪ್ಯಾನೆಲ್ ಧೂಳು ತಿನ್ನುವುದುಂಟು. ದಿನದ ಕೂಲಿಯೇ ಅದರ ಮೇಲೆ ನಿಂತಿದ್ದರೆ ಬೆಳಿಗ್ಗೆ ಯಾರಾದರೊಬ್ಬರು ಒದ್ದೆ ಬಟ್ಟೆ ಹಿಡಿದು ಏಣಿ ಹತ್ತುತ್ತಾರೆ.

ಇನ್ನು ಉಳಿದದ್ದು ಮಾರುಕಟ್ಟೆಯ ಲೆಕ್ಕ. ಗೋವಿನಜೋಳಕ್ಕೆ ಕೋಳಿ ಆಹಾರದವರು, ಎಥನಾಲ್‌ನವರು ಕಾದಿದ್ದಾರೆ; ಎಕರೆಗೆ ಇಳುವರಿಯೂ ಹೆಚ್ಚು. ಸಾವೆಗೆ ಗೊಬ್ಬರದ ಖರ್ಚು ಕಡಿಮೆ, ಮಳೆ ಕೈಕೊಟ್ಟರೂ ಕಣಕ್ಕೆ ಒಂದಿಷ್ಟು ಬಂದೇ ಬರುತ್ತದೆ. ಆದರೆ ಚೀಲ ತುಂಬುವುದು ನಿಧಾನ. ಸಿಪ್ಪೆ ಸುಲಿದು, ಸ್ವಚ್ಛ ಮಾಡಿ, ಪೊಟ್ಟಣ ಕಟ್ಟಿ ಮಾರಿದರೆ ಸಿಗುವ ಹೆಚ್ಚಿನ ಬೆಲೆಯಲ್ಲಿ ಆ ಅಂತರ ತುಂಬಿಕೊಳ್ಳಬೇಕು. ಈ ಸಲ ಸಾವೆ ಬಿತ್ತೋಣವೋ ಬೇಡವೋ ಎಂದು ರೈತ ಯೋಚಿಸುವಾಗ ಪ್ರಶಸ್ತಿಪತ್ರ ನೋಡುವುದಿಲ್ಲ. ಸಂಘದ ಗಿರಣಿಯಲ್ಲಿ ಕ್ವಿಂಟಲಿಗೆ ಎಷ್ಟು ಎಂದು ವಿಚಾರಿಸುತ್ತಾನೆ.